ಉಂಗುರ ಎಣಿಸಬೇಕೋ, ಗಜ ಅಳೆಯಬೇಕೋ?

2018ರ ಫೆಬ್ರವರಿ 4, ಮಿನಿಯಾಪೊಲಿಸ್. ಅಮೆರಿಕನ್ ಫುಟ್‌ಬಾಲ್‌ನ ಫೈನಲ್, ಅಂದರೆ ಸೂಪರ್ ಬೌಲ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಟಾಮ್ ಬ್ರೇಡಿ, ಅವತ್ತು ಪಾಸ್‌ಗಳಿಂದ ತಂಡಕ್ಕೆ 505 ಗಜ ಮುನ್ನಡೆ ಗಳಿಸಿಕೊಟ್ಟರು. ಮೂರು ಟಚ್‌ಡೌನ್, ಅಂದರೆ ಆ ಪಾಸ್‌ಗಳು ಮೂರು ಸಲ ಎದುರಾಳಿಯ ಗೋಲಿನ ಗೆರೆ ದಾಟಿಸಿದವು. ಒಂದೇ ಒಂದು ಎಸೆತವೂ ಎದುರಾಳಿಯ ಕೈಗೆ ಸಿಗಲಿಲ್ಲ. ಸೂಪರ್ ಬೌಲ್‌ನಲ್ಲಿ ಅಷ್ಟು ಗಜ ಅದುವರೆಗೆ ಯಾರೂ ಗಳಿಸಿರಲಿಲ್ಲ. ಪಂದ್ಯ ಸೋತರು, 41–33.

ಮುಂದಿನ ವರ್ಷ ಫೆಬ್ರವರಿ 3, ಅಟ್ಲಾಂಟಾ. ಅದೇ ಬ್ರೇಡಿ, ಅದೇ ತಂಡ. 262 ಗಜ, ಟಚ್‌ಡೌನ್ ಪಾಸ್ ಒಂದೂ ಇಲ್ಲ, ಒಂದು ಪಾಸ್ ಎದುರಾಳಿಗೆ ದಾನ. 13–3ರಲ್ಲಿ ಗೆದ್ದರು. ಗೆದ್ದ ತಂಡದ ಎಲ್ಲರಿಗೂ ವಜ್ರದ ಉಂಗುರ ಕೊಡುವುದು ಅಲ್ಲಿನ ಪದ್ಧತಿ. ಬ್ರೇಡಿಗೆ ಅದು ಆರನೆಯದು.

ಯಾವತ್ತು ಚೆನ್ನಾಗಿ ಆಡಿದರು ಅಂತ ಕೇಳಿದರೆ ಯಾರಾದರೂ ಮೊದಲನೇ ರಾತ್ರಿಯನ್ನೇ ತೋರಿಸುತ್ತಾರೆ. ಆದರೆ "ಸಾರ್ವಕಾಲಿಕ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರು" ಎಂಬ ಪಟ್ಟಿಗಳಲ್ಲಿ ಅವರ ಲೆಕ್ಕಕ್ಕೆ ಸೇರುವುದು ಎರಡನೇ ರಾತ್ರಿ. ಅಮೆರಿಕದ ಕ್ರೀಡಾ ಪತ್ರಕರ್ತರು ವರ್ಷಾನುಗಟ್ಟಲೆಯಿಂದ ಕಿತ್ತಾಡುತ್ತಿರುವುದು ಈ ಎರಡು ರಾತ್ರಿಗಳ ನಡುವಿನ ಜಾಗದಲ್ಲೇ. ಅವರು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತಿದ್ದಾರೆ ಅಂತ ನಮಗೆ ಅನಿಸುತ್ತದೆ. ನನಗನಿಸುವ ಮಟ್ಟಿಗೆ, ಅವರು ಉತ್ತರಿಸುತ್ತಿರುವ ಪ್ರಶ್ನೆಗಳೇ ಬೇರೆ ಬೇರೆ.

ಮೊದಲು ಈ ಕ್ವಾರ್ಟರ್‌ಬ್ಯಾಕ್ ಅನ್ನುವವನ ಕೆಲಸ ಏನು ನೋಡೋಣ. ಮೈದಾನದಲ್ಲಿ ಒಂದೊಂದು ಕಡೆ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಇನ್ನೂ ನಾಲ್ಕು ಅವಕಾಶ ಸಿಗುತ್ತದೆ. ಬಹುತೇಕ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನ ಮುಂದೆ ಐದು ಜನ ದಢೂತಿ ಆಟಗಾರರು ಗೋಡೆ ಕಟ್ಟಿ ನಿಲ್ಲುತ್ತಾರೆ. ಆ ಗೋಡೆ ಸುಮಾರು ಮೂರು ಸೆಕೆಂಡು ತಡೆದರೆ ಹೆಚ್ಚು. ಅಷ್ಟರಲ್ಲಿ ಅವನು ಯಾರು ಎಲ್ಲಿ ಓಡುತ್ತಿದ್ದಾರೆ ನೋಡಬೇಕು, ಎದುರಾಳಿ ಏನು ಬಲೆ ಹೆಣೆದಿದ್ದಾರೆ ಊಹಿಸಬೇಕು, ಎಸೆಯಬೇಕು. ತಡವಾದರೆ 130 ಕಿಲೋ ತೂಕದವನೊಬ್ಬ ಮೈಮೇಲೆ ಬೀಳುತ್ತಾನೆ.

ಇಲ್ಲೇ ತೊಡಕು ಶುರು. ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ಒಂಟಿ. ಬೌಲರ್ ಎದುರು ಅವನೊಬ್ಬನೇ ನಿಲ್ಲುತ್ತಾನೆ, ರನ್ ಅವನದೇ. ಕ್ವಾರ್ಟರ್‌ಬ್ಯಾಕ್ ಎಸೆದ ಪಾಸ್ ಪಾಸ್ ಆಗಬೇಕಾದರೆ ಐದು ಜನ ಗೋಡೆಯಾಗಬೇಕು, ಒಬ್ಬ ಸರಿಯಾದ ಜಾಗಕ್ಕೆ ಓಡಬೇಕು, ಚೆಂಡು ಹಿಡಿಯಬೇಕು. ಯಾವ ಆಟ ಆಡಬೇಕು ಅಂತ ಕೋಚ್ ಹೇಳಿರುತ್ತಾರೆ. 1994ರಿಂದ ಹೆಲ್ಮೆಟ್ ಒಳಗೇ ರೇಡಿಯೋ ಇದೆ. ಆದರೂ ಗೆದ್ದರೆ ಹೂಮಾಲೆ, ಸೋತರೆ ಬೈಗುಳ, ಎರಡೂ ಒಬ್ಬನ ಕುತ್ತಿಗೆಗೆ. ತಂಡದ ಗೆಲುವು ಸೋಲನ್ನು ಆಟಗಾರನೊಬ್ಬನ ಹೆಸರಿನ ಮುಂದೆ ಹೀಗೆ ಬರೆದಿಡುವ ರೂಢಿ ಈ ಆಟದಲ್ಲಿ ಇನ್ನಾವ ಜಾಗದವನಿಗೂ ಇಲ್ಲ.

ಹಾಗಾದರೆ ಉಂಗುರದ ಲೆಕ್ಕದಿಂದ ಶುರು ಮಾಡೋಣ. ಇದು ಎಲ್ಲರಿಗೂ ಸುಲಭವಾಗಿ ತಿಳಿಯುವ ಲೆಕ್ಕ. ಬ್ರೇಡಿಗೆ ಏಳು. ಜೋ ಮೊಂಟಾನಾ ಮತ್ತು ಟೆರಿ ಬ್ರಾಡ್‌ಶಾಗೆ ನಾಲ್ಕು ನಾಲ್ಕು. ಪೇಟನ್ ಮ್ಯಾನಿಂಗ್‌ಗೆ ಎರಡು. ಡ್ಯಾನ್ ಮರೀನೊಗೆ ಒಂದೂ ಇಲ್ಲ. ಮುಗಿಯಿತಲ್ಲ?

ಮುಗಿಯಲಿಲ್ಲ. ಇಡೀ ವೃತ್ತಿಜೀವನದಲ್ಲಿ ಬ್ರಾಡ್‌ಶಾ 212 ಟಚ್‌ಡೌನ್ ಪಾಸ್ ಎಸೆದರು, 210 ಪಾಸ್ ಎದುರಾಳಿಗೆ ಕೊಟ್ಟರು. ಹೆಚ್ಚುಕಡಿಮೆ ಸಮ. ಅವರ ಪಿಟ್ಸ್‌ಬರ್ಗ್ ತಂಡದ ರಕ್ಷಣಾ ಪಡೆ ಎಂಥದ್ದು ಅಂದರೆ, ಎದುರಾಳಿಗಳು ಮುಂದೆ ಬರುವುದೇ ಕಷ್ಟವಿತ್ತು. ಬ್ರಾಡ್‌ಶಾ ದೊಡ್ಡ ಪಂದ್ಯಗಳಲ್ಲಿ ಚೆನ್ನಾಗಿ ಆಡಿದ್ದು ನಿಜ. ಆದರೆ ಅವರನ್ನು ಮರೀನೊಗಿಂತ ನಾಲ್ಕು ಪಟ್ಟು ಮೇಲೆ ಇಡುವ ಪತ್ರಕರ್ತರನ್ನು ನಾನಂತೂ ಕಂಡಿಲ್ಲ. ಅಂದರೆ ಉಂಗುರದವರೂ ಉಂಗುರವನ್ನು ಪೂರ್ತಿ ನಂಬುವುದಿಲ್ಲ.

ಇನ್ನೂ ಗಟ್ಟಿ ಪುರಾವೆ ಬೇಕಾದರೆ ಹಳೆಯ ಕಾಲಕ್ಕೆ ಹೋಗಬೇಕು. ಕ್ಲೀವ್‌ಲ್ಯಾಂಡ್‌ನ ಆಟೊ ಗ್ರಹಾಂ 1946ರಿಂದ 1955ರವರೆಗೆ ಹತ್ತು ಸೀಸನ್ ಆಡಿದರು. ಹತ್ತಕ್ಕೆ ಹತ್ತೂ ಸೀಸನ್ ಫೈನಲ್‌ಗೆ ಹೋದರು, ಏಳರಲ್ಲಿ ಗೆದ್ದರು. ಆಗ ಸೂಪರ್ ಬೌಲ್ ಎಂಬ ಹೆಸರೇ ಇರಲಿಲ್ಲ. ಮೊದಲ ನಾಲ್ಕು ಗೆಲುವು ಇವತ್ತಿನ ಮುಖ್ಯ ಲೀಗ್ ಆದ ಎನ್‌ಎಫ್‌ಎಲ್‌ಗೆ ಪೈಪೋಟಿಯಾಗಿ ಹುಟ್ಟಿದ್ದ ಇನ್ನೊಂದು ಲೀಗ್‌ನಲ್ಲಿ. ಗೆಲುವೇ ಅಳತೆಗೋಲಾದರೆ ಬ್ರೇಡಿ ಪಕ್ಕದಲ್ಲಿ ಕುರ್ಚಿ ಹಾಕಬೇಕಾದ್ದು ಇವರಿಗೆ. ಎಷ್ಟು ಜನ ಹಾಕುತ್ತಾರೆ?

ಗ್ರೀನ್ ಬೇ ತಂಡದ ಬಾರ್ಟ್ ಸ್ಟಾರ್ ಕಥೆ ಇನ್ನೂ ವಿಚಿತ್ರ. 1961ರಿಂದ 1967ರ ನಡುವೆ ಐದು ಸಲ ಲೀಗ್ ಗೆದ್ದರು. ಮೊದಲ ಎರಡು ಸೂಪರ್ ಬೌಲ್‌ಗಳೂ ಅವರವೇ, ಎರಡರಲ್ಲೂ ಪಂದ್ಯಶ್ರೇಷ್ಠರೂ ಅವರೇ. ಆದರೆ 1994ರಲ್ಲಿ ಎನ್‌ಎಫ್‌ಎಲ್ ತನ್ನ 75 ವರ್ಷದ ಸಾರ್ವಕಾಲಿಕ ತಂಡ ಪ್ರಕಟಿಸಿದಾಗ ಅದರಲ್ಲಿದ್ದ ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳು ಸ್ಯಾಮಿ ಬಾ, ಗ್ರಹಾಂ, ಜಾನಿ ಯುನಿಟಾಸ್, ಮೊಂಟಾನಾ. 2019ರಲ್ಲಿ 100ನೇ ವರ್ಷಕ್ಕೆ ಹತ್ತು ಜನರನ್ನು ಆರಿಸಿದರು. ಅಲ್ಲೂ ಸ್ಟಾರ್ ಇಲ್ಲ. ಕಾರಣ ಕೇಳಿದರೆ ಬರುವ ಉತ್ತರ ಒಂದೇ: "ಆ ತಂಡ ಕೋಚ್ ವಿನ್ಸ್ ಲೊಂಬಾರ್ಡಿಯದು." ಬ್ರೇಡಿ ಗೆದ್ದರೆ ಬ್ರೇಡಿ ಗೆದ್ದಂತೆ, ಸ್ಟಾರ್ ಗೆದ್ದರೆ ಕೋಚ್ ಗೆದ್ದಂತೆ. ಇದ್ಯಾವ ನ್ಯಾಯ?

ಮೊಂಟಾನಾ ಪರ ವಾದಿಸುವವರ ಹತ್ತಿರ ಒಂದು ಹರಿತವಾದ ಚಾಕು ಇದೆ. ನಾಲ್ಕು ಸೂಪರ್ ಬೌಲ್, ನಾಲ್ಕೂ ಗೆಲುವು. 11 ಟಚ್‌ಡೌನ್ ಪಾಸ್, ಒಂದೂ ಇಂಟರ್ಸೆಪ್ಷನ್ ಇಲ್ಲ, ಅಂದರೆ ಒಂದು ಎಸೆತವೂ ಎದುರಾಳಿಯ ಕೈಗೆ ಸಿಗಲಿಲ್ಲ. ಬ್ರೇಡಿ ಹತ್ತು ಸಲ ಹೋಗಿ ಮೂರು ಸಲ ಸೋತರು. ಕೇಳಲು ಚೆನ್ನಾಗಿದೆ. ಆದರೆ ಸ್ವಲ್ಪ ಯೋಚಿಸಿ. 1987ರ ಜನವರಿಯಲ್ಲಿ ಮೊಂಟಾನಾ ತಂಡ ಪ್ಲೇಆಫ್‌ನ ತನ್ನ ಮೊದಲ ಪಂದ್ಯದಲ್ಲೇ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ 49–3ರಲ್ಲಿ ಸೋತಿತು. ಆ ಸೋಲು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಫೈನಲ್‌ಗೆ ಹೋಗಿ ಸೋತವನಿಗೆ ಕಪ್ಪುಚುಕ್ಕೆ, ಮೊದಲೇ ಸೋತು ಮನೆಗೆ ಹೋದವನ ಬಿಳಿ ಅಂಗಿಗೆ ಕಲೆಯೇ ಇಲ್ಲ. ಪರೀಕ್ಷೆ ಬರೆಯದವನು ಫೇಲ್ ಆಗಿಲ್ಲ ಅಂದಹಾಗೆ!

ಆ ಸೊನ್ನೆ ಇಂಟರ್ಸೆಪ್ಷನ್ ಹಿಂದೆಯೂ ಒಂದು ಸಣ್ಣ ಕಥೆ ಇದೆ. 1989ರ ಜನವರಿ, ಮಯಾಮಿ, ಸಿನ್ಸಿನಾಟಿ ವಿರುದ್ಧದ ಫೈನಲ್. ಕೊನೆಯ ಕ್ವಾರ್ಟರ್, ಅಂದರೆ ಪಂದ್ಯದ ಕೊನೆಯ ಕಾಲುಭಾಗ, ಆಗಷ್ಟೇ ಶುರುವಾಗಿತ್ತು. ಮೊಂಟಾನಾ ಎಸೆದ ಚೆಂಡು ಸೀದಾ ಸಿನ್ಸಿನಾಟಿಯ ಲೂಯಿಸ್ ಬಿಲಪ್ಸ್ ಕೈಗೆ ಬಂತು. ಅವರು ಕೈಚೆಲ್ಲಿದರು. ಮರು ಎಸೆತದಲ್ಲೇ ಮೊಂಟಾನಾ ಟಚ್‌ಡೌನ್ ಪಾಸ್ ಕೊಟ್ಟರು. ನಂತರ ಮೂರು ನಿಮಿಷ ಚಿಲ್ಲರೆ ಉಳಿದಿರುವಾಗ, ತಮ್ಮ ಗೋಲಿನಿಂದ ಎಂಟೇ ಗಜ ದೂರದಿಂದ ಹೊರಟು 92 ಗಜ ಕ್ರಮಿಸಿ, 34 ಸೆಕೆಂಡು ಬಾಕಿ ಇರುವಾಗ ಜಾನ್ ಟೇಲರ್‌ಗೆ ಗೆಲುವಿನ ಪಾಸ್ ಎಸೆದರು. 20–16. ಆ ಓಟ ಹೊರಡುವ ಮುನ್ನ ಮೊಂಟಾನಾ ಪ್ರೇಕ್ಷಕರ ಕಡೆ ನೋಡಿ ಪಕ್ಕದವನಿಗೆ "ಅಲ್ಲಿ ನಿಂತಿರೋದು ಜಾನ್ ಕ್ಯಾಂಡಿ ಅಲ್ವಾ?" ಅಂತ ಹಾಸ್ಯನಟನೊಬ್ಬನನ್ನು ತೋರಿಸಿದರಂತೆ. ಈ ಕಥೆಯನ್ನು ಬರೆಯದ ಅಮೆರಿಕನ್ ಕ್ರೀಡಾ ಪತ್ರಕರ್ತರೇ ಇಲ್ಲವೇನೋ. ಬಿಲಪ್ಸ್ ಕಥೆ ಅಷ್ಟಾಗಿ ಯಾರಿಗೂ ನೆನಪಿಲ್ಲ. ಮೊಂಟಾನಾ ತಣ್ಣಗಿನ ಗಂಡು, ಒಪ್ಪೋಣ. ಆದರೆ ಆ ಸೊನ್ನೆ ಸೊನ್ನೆಯಾಗಿ ಉಳಿದದ್ದರಲ್ಲಿ ಬಿಲಪ್ಸ್ ಕೈಯ ಪಾಲೂ ಇದೆ.

ಕಥೆ ಬಿಡಿ, ಅಂಕಿ ನೋಡಿ ಅನ್ನುವವರು ಇನ್ನೊಂದು ಗುಂಪು. ಇವರ ಹಳೆಯ ಆಯುಧ ಪಾಸರ್ ರೇಟಿಂಗ್. ಎನ್‌ಎಫ್‌ಎಲ್ ಇದನ್ನು 1973ರಲ್ಲಿ ಜಾರಿಗೆ ತಂದಿತು. ಎಸೆದವುಗಳಲ್ಲಿ ಎಷ್ಟು ಪಾಸ್ ತಲುಪಿದವು, ಎಸೆತಕ್ಕೆ ಸರಾಸರಿ ಎಷ್ಟು ಗಜ, ಎಷ್ಟು ಟಚ್‌ಡೌನ್, ಎಷ್ಟು ಇಂಟರ್ಸೆಪ್ಷನ್. ಈ ನಾಲ್ಕಕ್ಕೂ ಬೇರೆ ಬೇರೆ ಅಂಕ ಕೊಟ್ಟು, ಕೂಡಿಸಿ, 6ರಿಂದ ಭಾಗಿಸಿ, 100ರಿಂದ ಗುಣಿಸುತ್ತಾರೆ. ಒಂದೊಂದಕ್ಕೆ ಗರಿಷ್ಠ 2.375. ಹಾಗಾಗಿ ಪೂರ್ಣಾಂಕ 100 ಅಲ್ಲ, 158.3! ಸಾಧಾರಣ ಆಟಕ್ಕೆ ಪ್ರತಿಯೊಂದರಲ್ಲೂ 1 ಅಂಕ ಬರುವಂತೆ ಹೊಂದಿಸಿದ್ದರು. ಅಂದರೆ ಆ ಕಾಲದ ಸರಾಸರಿ ಆಟಗಾರನಿಗೆ 66.7.

ಗಮನಿಸಿ, ಆ ಕಾಲದ ಸರಾಸರಿ. ಇವತ್ತು ಲೀಗ್‌ನ ಸರಾಸರಿಯೇ 90ರ ಆಸುಪಾಸಿನಲ್ಲಿದೆ. ಜಾನಿ ಯುನಿಟಾಸ್ ಅವರ ಒಟ್ಟು ರೇಟಿಂಗ್ 78.2. ಅಂಕಿ ಮಾತ್ರ ನೋಡಿದರೆ ಇವತ್ತಿನ ಯಾವುದೋ ತಂಡದ ಬದಲಿ ಆಟಗಾರನಿಗೂ ಯುನಿಟಾಸ್ ಸಮವಲ್ಲ. ಆದರೆ ಆತ 1956ರಿಂದ 1960ರವರೆಗೆ ಸತತ 47 ಪಂದ್ಯಗಳಲ್ಲಿ ಕನಿಷ್ಠ ಒಂದು ಟಚ್‌ಡೌನ್ ಪಾಸ್ ಎಸೆದವರು. ಅದನ್ನು ಮುರಿಯಲು 2012ರಲ್ಲಿ ಡ್ರೂ ಬ್ರೀಸ್ ಬರಬೇಕಾಯಿತು. ಐವತ್ತೆರಡು ವರ್ಷ!

ಹಾಗಾದರೆ ನಡುವೆ ಏನಾಯಿತು? ನಿಯಮ ಬದಲಾಯಿತು. ಮೊದಲೆಲ್ಲ ಚೆಂಡು ಹಿಡಿಯಲು ಓಡುವವನನ್ನು ರಕ್ಷಕರು ದಾರಿಯುದ್ದಕ್ಕೂ ತಳ್ಳಾಡಬಹುದಿತ್ತು. 1978ರಿಂದ ಮೊದಲ ಐದು ಗಜದಲ್ಲಿ ಮಾತ್ರ ಮುಟ್ಟಬಹುದು ಅಂದರು. ಕ್ವಾರ್ಟರ್‌ಬ್ಯಾಕ್‌ಗೆ ಗೋಡೆಯಾಗಿ ನಿಂತವರಿಗೆ ಕೈ ಚಾಚಿ ತಡೆಯಲು ಅನುಮತಿ ಸಿಕ್ಕಿತು. ಅದೇ ವರ್ಷ ಸೀಸನ್ 14 ಪಂದ್ಯದಿಂದ 16ಕ್ಕೆ ಏರಿತು, 2021ರಲ್ಲಿ 17 ಆಯಿತು. ಈಗ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೊಣಕಾಲಿಗೆ ಬಿದ್ದರೆ ದಂಡ, ತಲೆಗೆ ತಾಗಿದರೆ ದಂಡ. ಯುನಿಟಾಸ್ ಕಾಲದಲ್ಲಿ ಇವ್ಯಾವೂ ಇರಲಿಲ್ಲ. ಮೇಲಾಗಿ ಅವರು ಯಾವ ಆಟ ಆಡಬೇಕೆಂದು ತಾವೇ ನಿರ್ಧರಿಸುತ್ತಿದ್ದರು. 1958ರ ಫೈನಲ್‌ನಲ್ಲಿ ಸಮಯ ಮುಗಿಯುತ್ತಾ ಬಂದಾಗ ರೇಮಂಡ್ ಬೆರಿಗೇ ಸತತ ಮೂರು ಪಾಸ್ ಕೊಟ್ಟು ಪಂದ್ಯ ಸಮ ಮಾಡಿಸಿದ್ದು ಅವರದೇ ತಲೆ. ಕಿವಿಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಡ್ಯಾನ್ ಮರೀನೊ 1984ರಲ್ಲಿ 5,084 ಗಜ, 48 ಟಚ್‌ಡೌನ್ ಎಸೆದಾಗ ಜನ ಬೆಚ್ಚಿಬಿದ್ದಿದ್ದರು. 5,000 ಗಜ ದಾಟಿದ ಮೊದಲಿಗ ಅವರೇ. ಆ ಗಜಗಳ ದಾಖಲೆ 27 ವರ್ಷ ಉಳಿಯಿತು. 2011ರಲ್ಲಿ ಒಂದೇ ಸೀಸನ್‌ನಲ್ಲಿ ಮೂರು ಜನ 5,000 ದಾಟಿದರು. ಮೂವರೂ ಮರೀನೊ ಆಗಿಬಿಟ್ಟರಾ? ಇಲ್ಲ, ಆಟವೇ ಎಸೆತದ ಆಟವಾಗಿತ್ತು. ಆದ್ದರಿಂದ ಈಗಿನ ಲೆಕ್ಕಿಗರು ಆಟಗಾರನನ್ನು ಅವನದೇ ವರ್ಷದ ಸರಾಸರಿಯ ಜೊತೆ ಹೋಲಿಸುತ್ತಾರೆ. ಆಗ ಯುನಿಟಾಸ್, ಗ್ರಹಾಂ, ಸ್ಟಾರ್ ಮತ್ತೆ ಮೇಲೆ ಬರುತ್ತಾರೆ. ಇದು ನನಗೆ ಒಪ್ಪುವ ದಾರಿ.

ಪಾಸರ್ ರೇಟಿಂಗ್‌ನಲ್ಲಿ ಇನ್ನೊಂದು ತಮಾಷೆ ಇದೆ. ಎದುರಾಳಿ ಮೈಮೇಲೆ ಬರುವಾಗ ಬುದ್ಧಿವಂತ ಆಟಗಾರ ಚೆಂಡನ್ನು ಬೇಕಂತಲೇ ಹೊರಗೆ ಎಸೆಯುತ್ತಾನೆ, ತಂಡಕ್ಕೆ ಒಂದು ಗಜವೂ ನಷ್ಟವಿಲ್ಲ. ಅವನ ರೇಟಿಂಗ್ ಇಳಿಯುತ್ತದೆ. ಹೆದರಿ ಚೆಂಡು ಹಿಡಿದುಕೊಂಡೇ ಕೆಳಗೆ ಬಿದ್ದವನಿಂದ ತಂಡಕ್ಕೆ ಎಂಟು ಗಜ ನಷ್ಟ. ಅವನ ರೇಟಿಂಗ್ ಕದಲುವುದಿಲ್ಲ! ಕಾಲಲ್ಲಿ ಓಡಿ ಗಳಿಸಿದ್ದೂ ಇದರಲ್ಲಿ ಸೇರುವುದಿಲ್ಲ. ಲಮಾರ್ ಜಾಕ್ಸನ್‌ನಂಥ ಓಟಗಾರನ ಅರ್ಧ ಆಟವೇ ಅದಕ್ಕೆ ಕಾಣಿಸದು. ಕ್ರೀಡಾ ವಾಹಿನಿ ಇಎಸ್‌ಪಿಎನ್ 2011ರಲ್ಲಿ ತಂದ ಕ್ಯೂಬಿಆರ್ (ಕ್ವಾರ್ಟರ್‌ಬ್ಯಾಕ್ ರೇಟಿಂಗ್) ಅಂಥ ಹೊಸ ಲೆಕ್ಕಗಳು ಈ ತೂತುಗಳನ್ನು ಮುಚ್ಚಲು ಬಂದವು. ಆದರೆ ಅವುಗಳನ್ನು ಯುನಿಟಾಸ್ ಕಾಲಕ್ಕೆ ಒಯ್ಯುವುದು ಹೇಗೆ? ಆಗಿನ ಪ್ರತಿಯೊಂದು ಆಟದ ವಿವರ ಬೇಕಲ್ಲ.

ಇಷ್ಟಕ್ಕೂ ಈ ಪತ್ರಕರ್ತರ ಅಭಿಪ್ರಾಯಕ್ಕೆ ಯಾಕಿಷ್ಟು ತೂಕ? ಸುಮ್ನೆ ಹರಟೆಯಾದರೆ ಬಿಡಬಹುದಿತ್ತು. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಕೊಡುವ ಎಂವಿಪಿ, ಅಂದರೆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿಗೆ ಮತ ಹಾಕುವವರು 50 ಜನ ಪತ್ರಕರ್ತರು ಮತ್ತು ಪ್ರಸಾರಕರು. ಒಹಾಯೊದ ಕ್ಯಾಂಟನ್‌ನಲ್ಲಿ ಈ ಆಟದ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಯಾರು ಹೋಗಬೇಕೆಂದು ತೀರ್ಮಾನಿಸುವ ಸಮಿತಿಯಲ್ಲೂ ಪತ್ರಕರ್ತರದೇ ಬಹುಮತ. ಮುಂದೆ ಯಾರಾದರೂ ಪಟ್ಟಿ ಮಾಡುವಾಗ "ಮ್ಯಾನಿಂಗ್‌ಗೆ ಐದು ಎಂವಿಪಿ" ಅಂತ ಬರೆದರೆ, ಆ ಐದು ಪತ್ರಕರ್ತರೇ ಕೊಟ್ಟದ್ದು. ಅವರ ನಿನ್ನೆಯ ಅಭಿಪ್ರಾಯ ಅವರ ಇವತ್ತಿನ ಪುರಾವೆಯಾಗುತ್ತದೆ.

ಆ 50 ಜನರ ನಡುವೆಯೂ ಒಮ್ಮತ ಅಪರೂಪ. 2007ರಲ್ಲಿ ಬ್ರೇಡಿ 50 ಟಚ್‌ಡೌನ್ ಪಾಸ್ ಎಸೆದು, ತಂಡ 16ಕ್ಕೆ 16 ಪಂದ್ಯ ಗೆದ್ದಾಗಲೂ ಒಬ್ಬರು ಬ್ರೆಟ್ ಫಾರ್ವ್‌ಗೆ ಮತ ಹಾಕಿದರು. 2024ರ ಸೀಸನ್ ಇನ್ನೂ ಚೆನ್ನಾಗಿದೆ. ಅದೇ ಮತದಾರರು "ವರ್ಷದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್" ಅಂತ ಲಮಾರ್ ಜಾಕ್ಸನ್‌ನನ್ನು ಆಲ್-ಪ್ರೊ ತಂಡಕ್ಕೆ ಆರಿಸಿದರು. ಎಂವಿಪಿ ಮಾತ್ರ ಜಾಶ್ ಆಲನ್‌ಗೆ ಕೊಟ್ಟರು! ಜನ ನಕ್ಕರು, ಬೈದರು. ನನಗೆ ಅದರಲ್ಲಿ ಅಂಥ ತಪ್ಪು ಕಾಣಲಿಲ್ಲ. ಯಾರು ಚೆನ್ನಾಗಿ ಆಡಿದರು ಅನ್ನುವುದು ಒಂದು, ಯಾರಿಲ್ಲದಿದ್ದರೆ ತಂಡ ಮುಳುಗುತ್ತಿತ್ತು ಅನ್ನುವುದು ಇನ್ನೊಂದು. ಸಾರ್ವಕಾಲಿಕ ಪಟ್ಟಿಯಲ್ಲಿ ಈ ಎರಡನ್ನೂ ಒಂದೇ ಸಾಲಿನಲ್ಲಿ ತುರುಕುತ್ತಾರೆ, ಅಷ್ಟೇ.

ಪಟ್ಟಿಗಳಿಗೆ ತಾರೀಖೂ ಮುಖ್ಯ. 2010ರಲ್ಲಿ ಎನ್‌ಎಫ್‌ಎಲ್ ನೆಟ್‌ವರ್ಕ್ ಎಲ್ಲ ಜಾಗದ ಆಟಗಾರರನ್ನೂ ಸೇರಿಸಿ ನೂರು ಶ್ರೇಷ್ಠರ ಪಟ್ಟಿ ಮಾಡಿತು. ಮ್ಯಾನಿಂಗ್ 8ನೇ ಸ್ಥಾನ, ಬ್ರೇಡಿ 21. ಆಗ ಬ್ರೇಡಿಯ ಹತ್ತಿರ ಮೂರು ಉಂಗುರವಿತ್ತು, ಮ್ಯಾನಿಂಗ್ ಹತ್ತಿರ ಒಂದು. ಅಂದರೆ ಅಂದು ಅಂಕಿ ಗೆದ್ದಿತ್ತು. ಇವತ್ತು ಅದೇ ಪಟ್ಟಿ ಮಾಡಿದರೆ ಬ್ರೇಡಿಯನ್ನು ಮ್ಯಾನಿಂಗ್‌ಗಿಂತ ಕೆಳಗೆ ಹಾಕುವ ಧೈರ್ಯ ಎಷ್ಟು ಜನರಿಗಿದೆ?

ಕೋಚ್ ದೊಡ್ಡವನೋ ಆಟಗಾರನೋ ಎಂಬ ಜಗಳಕ್ಕೆ ಬ್ರೇಡಿಯೇ ಒಂದು ಪ್ರಯೋಗ ಮಾಡಿ ತೋರಿಸಿದಂತಾಯಿತು. 20 ವರ್ಷ ನ್ಯೂ ಇಂಗ್ಲೆಂಡ್ ಕೋಚ್ ಬಿಲ್ ಬೆಲಿಚಿಕ್ ಕೈಕೆಳಗೆ ಆಡಿ, 2020ರಲ್ಲಿ ಟ್ಯಾಂಪಾ ಬೇ ತಂಡಕ್ಕೆ ಹೋದರು. ಹಿಂದಿನ ವರ್ಷ 7 ಗೆದ್ದು 9 ಸೋತಿದ್ದ ತಂಡ ಅದು. ಆ ವರ್ಷವೇ ಸೂಪರ್ ಬೌಲ್ ಗೆದ್ದಿತು. ಬ್ರೇಡಿ ಬಿಟ್ಟುಹೋದ ನ್ಯೂ ಇಂಗ್ಲೆಂಡ್ 7 ಗೆದ್ದು 9 ಸೋತಿತು. ಕಾಕತಾಳೀಯವಾದರೂ ಎಷ್ಟು ಅಚ್ಚುಕಟ್ಟು! ಆದರೆ ಇದಕ್ಕೆ ಎದುರಾಗಿ ಸ್ಟೀವ್ ಯಂಗ್ ಇದ್ದಾರೆ. ಅದೇ ಟ್ಯಾಂಪಾದಲ್ಲಿ 1980ರ ದಶಕದಲ್ಲಿ 3 ಪಂದ್ಯ ಗೆದ್ದು 16 ಸೋತರು. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ, ಮೊಂಟಾನಾ ಜಾಗಕ್ಕೆ ಬಂದ ಮೇಲೆ ಎರಡು ಎಂವಿಪಿ, ಒಂದು ಸೂಪರ್ ಬೌಲ್‌ನಲ್ಲಿ ಆರು ಟಚ್‌ಡೌನ್ ಪಾಸ್. ಮನುಷ್ಯ ಒಬ್ಬನೇ, ತಂಡ ಬೇರೆ. ಯಂಗ್‌ಗೆ ಆ ಎರಡನೇ ತಂಡ ಸಿಗದಿದ್ದರೆ ಇವತ್ತು ಅವರ ಹೆಸರು ಯಾವ ಪಟ್ಟಿಯಲ್ಲಿರುತ್ತಿತ್ತು?

ಆ ಅವಕಾಶವೇ ತಡವಾಗಿ ಸಿಕ್ಕವರೂ ಇದ್ದಾರೆ. ವಾರೆನ್ ಮೂನ್ 1978ರಲ್ಲಿ ಕಾಲೇಜು ಆಟದ ದೊಡ್ಡ ಪಂದ್ಯವಾದ ರೋಸ್ ಬೌಲ್ ಗೆದ್ದು ಬಂದರೂ ಎನ್‌ಎಫ್‌ಎಲ್‌ನ ಯಾವ ತಂಡವೂ ಅವರನ್ನು ಆಯ್ದುಕೊಳ್ಳಲಿಲ್ಲ. ಕಪ್ಪು ಜನಾಂಗದವರು ಓಡಲು ಸರಿ, ತಲೆ ಓಡಿಸುವ ಈ ಜಾಗಕ್ಕೆ ಆಗಲಾರರು ಎಂಬ ಪೂರ್ವಗ್ರಹ ಆಗ ಬಲವಾಗಿತ್ತು. ಮೂನ್ ಕೆನಡಾಗೆ ಹೋಗಿ ಸತತ ಐದು ವರ್ಷ ಅಲ್ಲಿನ ಕಪ್ ಗೆದ್ದರು. ಎನ್‌ಎಫ್‌ಎಲ್‌ಗೆ ಬಂದಾಗ ವಯಸ್ಸು 27. ಆಮೇಲೂ 49,325 ಗಜ ಗಳಿಸಿ, 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಅವರು ಕಳೆದುಕೊಂಡ ಆರು ವರ್ಷಕ್ಕೆ ಯಾವ ರೇಟಿಂಗ್‌ನಲ್ಲೂ ಅಂಕವಿಲ್ಲ. ಪಟ್ಟಿಗಳನ್ನು ಓದುವಾಗ ನನಗೆ ಜಾಸ್ತಿ ಚುಚ್ಚುವುದು ಇದೇ.

ಈಗಿನ ಚರ್ಚೆ ಪ್ಯಾಟ್ರಿಕ್ ಮಹೋಮ್ಸ್ ಸುತ್ತ. 30 ತುಂಬುವ ಮೊದಲೇ ಐದು ಫೈನಲ್, ಮೂರು ಗೆಲುವು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ವಿರುದ್ಧ 40–22ರಲ್ಲಿ ಸೋತದ್ದೇ ತಡ, ಹಿಂದಿನ ವಾರ ಬ್ರೇಡಿ ಪಕ್ಕಕ್ಕೆ ಏರಿಸಿದ್ದವರು ಏಣಿ ಎಳೆದುಕೊಂಡರು. ಆ ಪಂದ್ಯದಲ್ಲಿ ಅವರ ಮುಂದಿನ ಗೋಡೆ ಕುಸಿದದ್ದನ್ನು ಎಲ್ಲರೂ ನೋಡಿದ್ದರು. ಆದರೂ.

ನನ್ನ ಪಟ್ಟಿ ಕೇಳಿದರೆ ಬ್ರೇಡಿಯೇ ಮೊದಲು. ತಮ್ಮ ಕಾಲದ ಎದುರು ನಿಲ್ಲಿಸಿ ಅಳೆದರೆ ಯುನಿಟಾಸ್ ಎರಡನೆಯವರು, ಗ್ರಹಾಂಗೆ ಈಗ ಸಿಗುತ್ತಿರುವುದಕ್ಕಿಂತ ಎಷ್ಟೋ ಮೇಲಿನ ಜಾಗ. ಕಾರಣಗಳನ್ನೂ ಬೇಕಾದಷ್ಟು ಕೊಡಬಲ್ಲೆ. ಆದರೆ ನಿಜವಾದ ಕಾರಣ 2017ರ ಫೆಬ್ರವರಿಯ ಒಂದು ಸೋಮವಾರ ಬೆಳಗ್ಗೆ. ಅಲ್ಲಿ ಭಾನುವಾರ ಸಂಜೆ ಶುರುವಾಗುವ ಸೂಪರ್ ಬೌಲ್ ನಮಗೆ ಬೆಳಗಿನ 5 ಗಂಟೆಗೆ. ಅಲಾರಂ ಇಟ್ಟುಕೊಂಡು ಎದ್ದು, ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮೂರನೇ ಕ್ವಾರ್ಟರ್‌ನಲ್ಲಿ ಅಟ್ಲಾಂಟಾ 28, ಬ್ರೇಡಿಯ ತಂಡ 3. ಇನ್ನೇನು ನೋಡೋದು ಅಂತ ಮುಚ್ಚಿಟ್ಟು, ಸ್ನಾನ ಮಾಡಿ, ತಿಂಡಿ ತಿಂದು ಬಸ್ ಹತ್ತಿದೆ. ಬಸ್ಸಲ್ಲಿ ಫೋನ್ ತೆಗೆದರೆ 28–28, ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿದೆ. ಮುಂದಿನ ಸ್ಟಾಪ್ ಬರುವಷ್ಟರಲ್ಲಿ 34–28. ನಾನು ಬ್ರೇಡಿಗೆ ಮೊದಲ ಸ್ಥಾನ ಕೊಟ್ಟಿರುವುದು ನಾನು ನೋಡದೇ ಬಿಟ್ಟ ಆ ಅರ್ಧ ಪಂದ್ಯಕ್ಕೆ.